ಕುಪಾಂಗ್‌ಗೆ ನಲವತ್ತು ನಿಮಿಷ

ಜನವರಿ ೧೧, ಶನಿವಾರ

ಹೆಂಡತಿ ಕೆವಾಳ ತೂಕವನ್ನು ದಿನವೂ ಬರೆದಿಡಬೇಕೆಂದು ಕುಪಾಂಗ್ ಆಸ್ಪತ್ರೆಯವರು ಹೇಳಿ ಕಳಿಸಿದ್ದಾರೆ. ಅದಕ್ಕೆಂದು ಈ ಪುಸ್ತಕ. ತೂಕದ ಯಂತ್ರವನ್ನು ಮಿಷನ್ ದವಾಖಾನೆಯ ಸಿಸ್ಟರ್ ಅಗ್ನೆತಾ ಕೊಟ್ಟಿದ್ದಾರೆ. ಇವತ್ತು ಬೆಳಿಗ್ಗೆ ನಲವತ್ತಾರೂವರೆ ಕಿಲೋ.

ಅವಳು ಎಂಟು ತಿಂಗಳ ಮೇಲೆ ಮನೆಗೆ ಬಂದಿದ್ದಾಳೆ. ಮೂತ್ರಪಿಂಡಗಳೆರಡೂ ಕೈಕೊಟ್ಟ ಮೇಲೆ ಅವಳು ಕುಪಾಂಗ್‌ನಲ್ಲಿ ತಂಗಿ ಲಿಪತ್ ಮನೆಯಲ್ಲೇ ಇದ್ದಾಳೆ. ಸೋಮವಾರ, ಗುರುವಾರ ರಕ್ತ ಶುದ್ಧಿ ಮಾಡುವ ಯಂತ್ರದ ಪಕ್ಕ ನಾಲ್ಕು ಗಂಟೆ ಮಲಗಬೇಕು. ನಮ್ಮ ದ್ವೀಪದಲ್ಲಿ ಆ ಯಂತ್ರವಿಲ್ಲ. ಇವತ್ತು ಅವರಮ್ಮ ಸತ್ತು ವರ್ಷವಾಗಿ ಚರ್ಚಿನಲ್ಲಿ ಪೂಜೆಯಿತ್ತು. ಗುರುವಾರ ಡಯಾಲಿಸಿಸ್ ಮುಗಿಸಿಕೊಂಡು ಸಂಜೆಯ ವಿಮಾನದಲ್ಲಿ ಬಂದಳು. ನಾಳೆ ಮಧ್ಯಾಹ್ನದ ವಿಮಾನಕ್ಕೆ ವಾಪಸು. ಸೋಮವಾರ ಬೆಳಿಗ್ಗೆ ಏಳಕ್ಕೆ ಮತ್ತೆ ಯಂತ್ರ.

ಇಪ್ಪತ್ತಾರು ವರ್ಷದಿಂದ ವಿಮಾನ ನಿಲ್ದಾಣದಲ್ಲಿ ಕೆಲಸ ಮಾಡುತ್ತಿರುವ ನನ್ನನ್ನು ಊರವರು ಕೇಳುವ ಪ್ರಶ್ನೆ ಒಂದೇ. ಬ್ಲಾಸಿಯಸ್, ಕುಪಾಂಗ್ ಎಷ್ಟು ದೂರ? ನನ್ನ ಉತ್ತರವೂ ಒಂದೇ. ದಕ್ಷಿಣಕ್ಕೆ ಸಮುದ್ರದ ಮೇಲೆ ನೇರ ಗೆರೆ ಎಳೆದರೆ ಇನ್ನೂರ ಮೂರು ಕಿಲೋಮೀಟರ್. ನಲವತ್ತು ನಿಮಿಷ. ಎದುರುಗಾಳಿ ಇದ್ದರೆ ನಲವತ್ತೈದು. ದೊಡ್ಡ ದೋಣಿಯಲ್ಲಾದರೆ ಹನ್ನೆರಡು ಗಂಟೆ, ಅದೂ ವಾರಕ್ಕೊಂದೇ ಸಲ.

ಪೂಜೆಯ ಊಟಕ್ಕೆ ಕೂತಾಗ ನಮ್ಮ ಜ್ವಾಲಾಮುಖಿ ಬೆಟ್ಟ ಗುಡುಗಿತು. ಯಾರೂ ತಟ್ಟೆಯಿಂದ ತಲೆಯೆತ್ತಲಿಲ್ಲ. ಕೆವಾ ನುಗ್ಗೆಸೊಪ್ಪಿನ ಸಾರಿಗೆ ಕೈ ಹಾಕಿದ್ದಳು. ಸೊಪ್ಪು, ಎಳನೀರು ಅವಳಿಗೆ ನಿಷಿದ್ಧ. ಬಟ್ಟಲು ದೂರ ಸರಿಸಿದೆ.

ಜನವರಿ ೧೨, ಭಾನುವಾರ

ನಲವತ್ತೇಳು ಕಿಲೋ ನಾನೂರು ಗ್ರಾಂ.

ನಸುಕಿನಲ್ಲಿ ಬೆಟ್ಟ ಸಿಡಿಯಿತು. ಪಡುವಣ ಗಾಳಿಯ ಕಾಲ, ಬೂದಿಯೆಲ್ಲ ನೇರ ನಮ್ಮ ರನ್‌ವೇ ಮೇಲೆ. ಬೆಟ್ಟ ಎದ್ದಾಗಲೆಲ್ಲ ಹಾಳೆ ಪರೀಕ್ಷೆ ನನ್ನ ಕೆಲಸ. ಹಲಗೆಗೆ ಬಿಳಿ ಹಾಳೆ ಅಂಟಿಸಿ ಬಯಲಲ್ಲಿ ಅರ್ಧ ಗಂಟೆ ಇಡಬೇಕು. ಆಮೇಲೆ ಬೆರಳಾಡಿಸಿ ನೋಡಿ ನಿಲ್ದಾಣದ ಪುಸ್ತಕದಲ್ಲಿ ‘ಬೂದಿ ಇದೆ’ ಅಥವಾ ‘ಬೂದಿ ಇಲ್ಲ’ ಎಂದು ಬರೆಯಬೇಕು. ಬೂದಿ ಎಂದರೆ ಪುಡಿಗಾಜು. ಎಂಜಿನ್ನಿನ ಬಿಸಿಗೆ ಒಳಗೇ ಕರಗಿ ಅಂಟಿಕೊಂಡರೆ ಎಂಜಿನ್ ನಿಂತುಹೋಗುತ್ತದೆ. ಮಳೆಗಾಲದಲ್ಲಿ ಉಪಗ್ರಹದ ಚಿತ್ರದಲ್ಲಿ ಮೋಡ ಬಿಟ್ಟರೆ ಬೇರೇನೂ ಕಾಣುವುದಿಲ್ಲ. ಹಾಗಾಗಿ ಮೇಲಿನವರು ನಂಬುವುದು ನನ್ನ ಹಾಳೆಯನ್ನೇ.

ಮೂರು ಸಲ ಇಟ್ಟೆ. ಮೂರು ಸಲವೂ ‘ಬೂದಿ ಇದೆ’. ಒಂಬತ್ತಕ್ಕೆ ನಿಲ್ದಾಣ ಮುಚ್ಚಿತು. ಒಂದು ದಿನದ ಮಾತು, ನಾಳೆ ತೆರೆಯುತ್ತದೆ ಎಂದು ನಿಲ್ದಾಣದ ಮುಖ್ಯಸ್ಥರಾದ ದೆಥಾನ್ ಸರ್ ಹೇಳಿದರು. ಒಂದು ದಿನ ತಡವಾದರೆ ಪರವಾಗಿಲ್ಲ ಎಂದು ಸಿಸ್ಟರ್ ಕೂಡ ಹೇಳಿದ್ದಾರೆ. ಯಂತ್ರವಿಲ್ಲದಿದ್ದರೆ ಕುಡಿದ ನೀರೆಲ್ಲ ಮೈಯಲ್ಲೇ ನಿಂತು ತೂಕ ಏರುತ್ತದೆ, ಹಾಗಾಗಿ ನೀರು ಮಾತ್ರ ದಿನಕ್ಕೆ ಅರ್ಧ ಲೀಟರ್ ದಾಟಬಾರದು. ಲೋಟಕ್ಕೆ ಗುರುತು ಹಾಕಿಟ್ಟಿದ್ದೇನೆ.

ಜನವರಿ ೧೪, ಮಂಗಳವಾರ

ನಲವತ್ತೆಂಟು ಕಿಲೋ ಎಂಟುನೂರು.

ನಿಲ್ದಾಣ ಮುಚ್ಚಿಯೇ ಇದೆ. ಸೋಮವಾರದ ಯಂತ್ರ ತಪ್ಪಿತು. ಬಂದರಿಗೆ ಹೋಗಿ ವಿಚಾರಿಸಿದೆ. ಅಲೆ ಮೂರೂವರೆ ಮೀಟರ್ ಏಳುತ್ತಿದೆ, ಈ ವಾರ ದೋಣಿ ಹೊರಡುವುದಿಲ್ಲ ಎಂದರು. ನನ್ನ ಪುಸ್ತಕದಲ್ಲಿ ನಾನು ಬರೆಯುವಂತೆ ಅವರ ಪುಸ್ತಕದಲ್ಲಿ ಅವರು ಬರೆಯುತ್ತಾರೆ. ವಾದ ಮಾಡಲಿಲ್ಲ.

ಕೆವಾಳ ಪಾದ ಊದಿದೆ. ಒತ್ತಿದರೆ ಬೆರಳಿನ ಗುಳಿ ಹಾಗೇ ನಿಲ್ಲುತ್ತದೆ. ಸೊಂಟಕ್ಕೆ ಕಟ್ಟಿಕೊಂಡು ನೇಯುವ ಹಳೆಯ ಮಗ್ಗವನ್ನು ಸೂರಿನಿಂದ ಇಳಿಸಿಕೊಂಡು, ತನ್ನ ಅಣ್ಣನ ಮಗಳು ಸೋಮಿಯನ್ನು ಕರೆಸಿ, ಬಣ್ಣಕ್ಕೆ ಅದ್ದುವ ಮೊದಲು ನೂಲಿಗೆ ಗಂಟು ಕಟ್ಟುವುದನ್ನು ಹೇಳಿಕೊಡುತ್ತ ಕೂತಿದ್ದಳು. ಅವರಮ್ಮನ ವಿನ್ಯಾಸವಂತೆ, ಬೇರೆ ಯಾರಿಗೂ ಬರುವುದಿಲ್ಲವಂತೆ. ಈಗ ಸುಮ್ಮನೆ ಮಲಗು, ವಾಸಿಯಾದ ಮೇಲೆ ಕಲಿಸುವೆಯಂತೆ ಎಂದೆ. ಅವಳು ಸೋಮಿಯ ಮುಖ ನೋಡಿ ನಕ್ಕಳು. ನಗುವುದಕ್ಕೆ ಅದರಲ್ಲಿ ಏನಿತ್ತೋ.

ಜನವರಿ ೧೬, ಗುರುವಾರ

ಐವತ್ತು ಕಿಲೋ ಇನ್ನೂರು.

ಎರಡನೆಯ ಸರದಿಯೂ ಹೋಯಿತು. ಬೆಳಗಿನ ಮೂರು ಹಾಳೆಯೂ ಬೂದು. ಲಿಪತ್ ದಿನಕ್ಕೆ ನಾಲ್ಕು ಸಲ ಫೋನ್ ಮಾಡುತ್ತಾಳೆ. ಯಂತ್ರದ ಪಕ್ಕದ ಹಾಸಿಗೆಯನ್ನು ಅಕ್ಕನಿಗಾಗಿ ಹಿಡಿದಿಡಲು ಅಲ್ಲಿನ ನರ್ಸುಗಳನ್ನು ಕಾಡಿ ಬೇಡಿದ್ದಾಳಂತೆ. ಭಾವ, ನಲವತ್ತು ನಿಮಿಷದ ದಾರಿಗೆ ಐದು ದಿನವಾಯ್ತಲ್ಲ ಎಂದಳು. ನನಗೆ ತಿಳಿಯದ ವಿಷಯವೆಂಬಂತೆ.

ಇಂಥ ದಿನ ವಿಮಾನಗಳು ಬೆಟ್ಟವನ್ನು ಬಳಸಿ ಹೋಗುತ್ತವೆ. ಪಶ್ಚಿಮದಿಂದ ಸುತ್ತಿದರೆ ಹನ್ನೆರಡು ನಿಮಿಷ ಹೆಚ್ಚು. ಆದರೆ ಇಳಿಯುವ ನೆಲದ ಮೇಲೇ ಬೂದಿ ಬಿದ್ದಿರುವಾಗ ಬಳಸಿ ಹೋಗುವುದೆಲ್ಲಿಗೆ?

ಜನವರಿ ೧೭, ಶುಕ್ರವಾರ

ಕೆವಾಳ ಅಣ್ಣ ಕೊಪೊಂಗ್ ತನ್ನ ಮೀನಿನ ದೋಣಿಯಲ್ಲಿ ಹೊರಡೋಣವೆಂದ. ಬಂದರಿನವರ ಕಣ್ಣು ತಪ್ಪಿಸಿ ಆಚೆ ಕೊಲ್ಲಿಯಿಂದ ಬೆಳಿಗ್ಗೆ ಆರಕ್ಕೆ ಹೊರಟೆವು. ಭೂಶಿರ ದಾಟುತ್ತಿದ್ದಂತೆ ಅಲೆಗೆ ಸಿಕ್ಕಿ ದೋಣಿ ನೆಟ್ಟಗೆ ಎದ್ದು ನಿಂತಿತು. ಕೆವಾ ವಾಂತಿ ಮಾಡಿಕೊಂಡಳು. ನೀರು ಒಳಗೆ ಬಂದಷ್ಟೂ ನಾನೂ ಸೋಮಿಯೂ ತೋಡಿ ಚೆಲ್ಲಿದೆವು. ಒಂದು ಗಂಟೆಯ ಮೇಲೆ ಕೊಪೊಂಗ್ ನನ್ನನ್ನು ಕೇಳದೆಯೇ ದೋಣಿ ತಿರುಗಿಸಿದ. ಕೇಳಿದ್ದರೆ ಬೇಡ ಎನ್ನುತ್ತಿದ್ದೆ. ಅದಕ್ಕೇ ಕೇಳಲಿಲ್ಲವೇನೋ.

ಐವತ್ತೊಂದು ಕಿಲೋ.

ಜನವರಿ ೧೮, ಶನಿವಾರ

ಇವತ್ತಿನ ಹಾಳೆ ಅಷ್ಟು ಕಪ್ಪಾಗಿರಲಿಲ್ಲ. ಬೆರಳಿಗೆ ಅಂಟಿದ್ದು ಬೂದಿಯೋ ಮಣ್ಣಿನ ರಸ್ತೆಯ ದೂಳೋ ಎಂದು ಬಹಳ ಹೊತ್ತು ನೋಡಿದೆ. ‘ಬೂದಿ ಇದೆ’ ಎಂದೇ ಬರೆದೆ.

ಆಮೇಲೆ ಒಂದು ವಿಚಾರ ತೋಚಿತು. ಹಲಗೆ ಇಡುವ ಬಯಲಲ್ಲಿ ಗಾಳಿ ಸುಳಿದು ಸುತ್ತುತ್ತದೆ. ನೆಲಕ್ಕೆ ಬಿದ್ದ ಹಳೆಯ ಬೂದಿಯನ್ನೇ ಎತ್ತಿ ಮತ್ತೆ ಹಾಳೆಯ ಮೇಲೆ ಹಾಕುತ್ತದೆ. ಹೊಸ ಬೂದಿ ಬೀಳುತ್ತಿದೆಯೇ ಎಂಬುದಲ್ಲವೇ ನಮಗೆ ಬೇಕಾದದ್ದು? ಉಗ್ರಾಣದ ಪಕ್ಕ ಗಾಳಿ ಕಡಿಮೆ. ಹಲಗೆಯನ್ನು ಅಲ್ಲಿ ಇಡುವುದೇ ಸರಿಯಾದ ಪರೀಕ್ಷೆ. ಮಾಡು ಸ್ವಲ್ಪ ಮುಂದೆ ಚಾಚಿಕೊಂಡಿದೆ, ಆದರೆ ಪೂರ್ತಿ ಮುಚ್ಚುವುದಿಲ್ಲ. ಮಧ್ಯಾಹ್ನದ ಹಾಳೆಯನ್ನು ಅಲ್ಲಿಟ್ಟೆ. ಹೆಚ್ಚುಕಡಿಮೆ ಬಿಳಿಯಾಗಿಯೇ ಇತ್ತು. ಇಷ್ಟು ದಿನ ಇದು ಹೊಳೆಯಲಿಲ್ಲವಲ್ಲ ಎಂದು ನನ್ನ ಮೇಲೇ ಸಿಟ್ಟು ಬಂತು.

ಮನೆಗೆ ಬಂದಾಗ ಕೆವಾ ಗೋಡೆಗೊರಗಿ ಕೂತಿದ್ದಳು. ಮಲಗಿದರೆ ಉಸಿರು ಕಟ್ಟುತ್ತದಂತೆ. ಸೋಮಿ ಅವಳ ಹಣೆಯ ಮೇಲಿನ ಬೆವರು ಒರೆಸುತ್ತಿದ್ದಳು.

ಜನವರಿ ೧೯, ಭಾನುವಾರ

ಬೆಳಗಿನ ಮೂರು, ಮಧ್ಯಾಹ್ನದ ಮೂರು, ಒಟ್ಟು ಆರು ಹಾಳೆ. ಆರಕ್ಕೂ ‘ಬೂದಿ ಇಲ್ಲ’. ದೆಥಾನ್ ಸರ್ ಪುಸ್ತಕ ನೋಡಿ, ಏನ್ರೀ ಬ್ಲಾಸಿಯಸ್, ಬೆಟ್ಟ ಸುಸ್ತಾಯ್ತಾ ಎಂದರು. ಹೌದು ಸರ್ ಎಂದೆ. ಅವರು ಹೊರಗೆ ಹೋಗಿ ನೋಡಲಿಲ್ಲ. ಇಪ್ಪತ್ತಾರು ವರ್ಷದಲ್ಲಿ ನನ್ನ ಪುಸ್ತಕದ ಒಂದು ಸಾಲನ್ನೂ ಯಾರೂ ಎರಡನೆಯ ಸಲ ನೋಡಿದ್ದಿಲ್ಲ.

ಸಂಜೆ ನಾಲ್ಕಕ್ಕೆ ಆದೇಶ ಬಂತು. ನಾಳೆ ತೆರೆಯುತ್ತದೆ. ವಿಮಾನ ಕುಪಾಂಗ್‌ನಿಂದ ಹತ್ತೂ ಐದಕ್ಕೆ ಹೊರಟು ಹತ್ತೂ ಮುಕ್ಕಾಲಿಗೆ ಇಲ್ಲಿ ಇಳಿಯುತ್ತದೆ, ಅರ್ಧ ಗಂಟೆಯ ಮೇಲೆ ವಾಪಸು. ಲಿಪತ್‌ಗೆ ಫೋನ್ ಮಾಡಿ ಅದೇ ವಿಮಾನದಲ್ಲಿ ಬಾ ಎಂದೆ. ದಾರಿಯಲ್ಲಿ ಕೆವಾಳನ್ನು ಹಿಡಿದುಕೊಳ್ಳಲು ಒಬ್ಬರು ಬೇಕು, ನನಗೆ ರಜೆ ಸಿಗುವುದಿಲ್ಲ. ಅವಳು ಫೋನಿನಲ್ಲೇ ಅತ್ತುಬಿಟ್ಟಳು. ಹನ್ನೆರಡಕ್ಕೆ ಕುಪಾಂಗ್ ತಲುಪಿದರೆ ಒಂದು ಗಂಟೆಗೆ ಯಂತ್ರದ ಪಕ್ಕ. ರಸ್ತೆಯಲ್ಲಿ ಎಷ್ಟೇ ವಾಹನವಿದ್ದರೂ ಒಂದೂವರೆಯೊಳಗೆ.

ಕೆವಾಳಿಗೆ ಹೇಳಿದೆ. ಹೂಂ ಎಂದಳು. ಅವಳ ಮುಖ ಅರಳುತ್ತದೆ ಎಂದುಕೊಂಡಿದ್ದೆ. ಹೊರಗೆ ಒಣಹಾಕಿದ್ದ ಬಟ್ಟೆಯನ್ನು ಸೋಮಿ ಒಳಗೆ ತಂದು ಕೊಡವುತ್ತಿದ್ದಳು, ಕೆವಾ ಅದನ್ನೇ ನೋಡುತ್ತಿದ್ದಳು. ಎಳನೀರು ಬೇಕು ಎಂದಳು. ಬೇರೆ ದಿನವಾಗಿದ್ದರೆ ಬೈಯುತ್ತಿದ್ದೆ. ನಾಳೆ ಯಂತ್ರ ಸಿಗುತ್ತದಲ್ಲ ಎಂದು ಎರಡು ಗುಟುಕು ಕುಡಿಸಿದೆ. ಎಂಟು ತಿಂಗಳ ಮೇಲೆ ಎಳನೀರು. ಕಣ್ಣು ಮುಚ್ಚಿಕೊಂಡು ಕುಡಿದಳು.

ಬಹಳ ದಿನದ ಮೇಲೆ ಹಸಿವಾಗಿ ಊಟ ಮಾಡಿದೆ.

ಜನವರಿ ೨೦, ಸೋಮವಾರ

ನಡೆದದ್ದನ್ನು ನಡೆದ ಹಾಗೇ ಬರೆಯುತ್ತೇನೆ.

ಒಂಬತ್ತೂವರೆಗೆ ಕೆವಾಳನ್ನು ಗಾಲಿಕುರ್ಚಿಯಲ್ಲಿ ಕೂರಿಸಿ ನಿಲ್ದಾಣಕ್ಕೆ ಕರೆತಂದೆವು. ಕೊಪೊಂಗ್ ಬಂದಿದ್ದ, ಸೋಮಿ ಬಂದಿದ್ದಳು. ವಾರದಿಂದ ಸಿಕ್ಕಿಕೊಂಡಿದ್ದ ಜನರೆಲ್ಲ ಗಂಟುಮೂಟೆ ಕಟ್ಟಿಕೊಂಡು ಬಂದು ಕೂತಿದ್ದರು. ಹತ್ತೂ ಐದಕ್ಕೆ ವಿಮಾನ ಕುಪಾಂಗ್ ಬಿಟ್ಟಿತು. ನಾನೇ ಎಲ್ಲರಿಗೂ ಹೇಳಿದೆ. ಕೆಲವರು ಚಪ್ಪಾಳೆ ತಟ್ಟಿದರು.

ಹತ್ತೂ ಇಪ್ಪತ್ತರ ಹೊತ್ತಿಗೆ ಕೆವಾ ನನ್ನನ್ನು ಹತ್ತಿರ ಕರೆದಳು. ಕರವಸ್ತ್ರ ತೆಗೆದು ಕಿಟಕಿಯ ಅಂಚಿನ ಮೇಲೆ ಒಮ್ಮೆ ಎಳೆದು ತೋರಿಸಿದಳು. ಬೂದು ಗೆರೆ.

“ಇದೇನು?” ಎಂದಳು.

“ದೂಳು.”

“ಹುಟ್ಟಿದಾಗಿಂದ ಈ ಬೆಟ್ಟದ ಬುಡದಲ್ಲೇ ಇದೀನಿ ಬ್ಲಾಸಿ. ದೂಳು ಯಾವ್ದು ಬೂದಿ ಯಾವ್ದು ಅಂತ ನಂಗೆ ಹೇಳ್ಕೊಡ್ಬೇಡ. ನಿನ್ನೆ ಒಣಗಿದ ಬಟ್ಟೆ ತುಂಬ ಇದೇ ಇತ್ತು. ಪುಸ್ತಕದಲ್ಲಿ ಏನಂತ ಬರ್ದಿದೀಯ?”

ಅವಳು ಕಿಟಕಿಯಿಂದ ಬಯಲಿನತ್ತ ನೋಡಿದಳು. ಹಲಗೆ ಎಲ್ಲಿರುತ್ತದೆ ಎಂದು ಅವಳಿಗೆ ಗೊತ್ತು. ಮದುವೆಯಾದ ಹೊಸದರಲ್ಲಿ ನನ್ನ ಬುತ್ತಿ ತಂದು ಅದೇ ಬಯಲಲ್ಲಿ ಕಾಯುತ್ತಿದ್ದಳು.

“ಹಲಗೆ ಎಲ್ಲಿ?”

“ಉಗ್ರಾಣದ ಹತ್ರ. ಅಲ್ಲಿ ಗಾಳಿ ಕಮ್ಮಿ.”

“ಮಾಡಿನ ಕೆಳಗೆ.”

“ಪೂರ್ತಿ ಕೆಳಗಲ್ಲ. ಏನೂ ಆಗಲ್ಲ ಕೆವಾ. ಇಷ್ಟು ತೆಳು ಬೂದಿಗೆ ಏನೂ ಆಗಲ್ಲ.”

“ಆಗಲ್ಲ ಅಂತ ಖಾತ್ರಿ ಇದ್ದಿದ್ರೆ ಹಲಗೆ ಯಾಕೆ ಸರಿಸ್ತಿದ್ದೆ?”

ಸುತ್ತಲಿನ ಜನ ನೋಡುತ್ತಿದ್ದರು. ಮೆಲ್ಲಗೆ ಮಾತಾಡು ಎಂದೆ. ಎಷ್ಟು ಜನರಿದ್ದಾರೆ ಅದರಲ್ಲಿ ಎಂದು ಕೇಳಿದಳು. ಮೂವತ್ತೊಂದು ಎಂದೆ.

“ಲಿಪತ್ ಇದಾಳೆ. ಅವಳಿಗೆ ಎರಡು ಮಕ್ಕಳಿವೆ.”

“ಗೊತ್ತು. ನಾನೇ ಬಾ ಅಂದದ್ದು. ನಿಂಗೋಸ್ಕರ ಮಾಡಿದ್ದು ಕೆವಾ, ಬೇರೆ ಯಾರಿಗೆ?”

“ನಂಗೋಸ್ಕರ ಅಂತಾನೇ ನಾನು ಹೇಳ್ಬೇಕಾಗಿ ಬಂದಿರೋದು. ಹೋಗಿ ಸರ್‌ಗೆ ಹೇಳು.”

ನಾನು ಹೋಗಲಿಲ್ಲ. ಗಡಿಯಾರ ನೋಡಿದೆ. ಹತ್ತೂ ಇಪ್ಪತ್ತೇಳು. ಇನ್ನು ಹದಿನೆಂಟು ನಿಮಿಷ ಹೇಗಾದರೂ ಕಳೆದರೆ ಸಾಕು ಎಂದು ನಿಂತೆ. ಅವಳು ಒಂದೆರಡು ನಿಮಿಷ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೋಮಿಗೆ, “ನನ್ನ ಅವರ ಹತ್ರ ತಳ್ಕೊಂಡು ಹೋಗು” ಎಂದಳು. ನಾನು ಕುರ್ಚಿಯ ಹಿಡಿಯನ್ನು ಗಟ್ಟಿಯಾಗಿ ಹಿಡಿದುಕೊಂಡೆ. ಅವಳು ತಿರುಗಿ ನೋಡದೆ, “ಕೈ ಬಿಡು ಬ್ಲಾಸಿ” ಎಂದಳು. ಬಿಟ್ಟೆ. ಯಾಕೆ ಬಿಟ್ಟೆನೋ ಗೊತ್ತಿಲ್ಲ.

ಗಾಜಿನ ಬಾಗಿಲ ಆಚೆ ಅವಳು ದೆಥಾನ್ ಸರ್‌ಗೆ ಏನು ಹೇಳಿದಳೋ ಕೇಳಿಸಲಿಲ್ಲ. ಅವರು ಹೊರಗೆ ಓಡಿ ಉಗ್ರಾಣದ ತನಕ ಹೋಗಿ, ಹಲಗೆ ನೋಡಿ, ಪಕ್ಕದ ನೆಲಕ್ಕೆ ಅಂಗೈ ಒತ್ತಿ ನೋಡಿಕೊಂಡರು. ವಾಪಸು ಓಡಿ ಬಂದು ರೇಡಿಯೋ ಹಿಡಿದರು. ವಿಮಾನ ಒಂಬತ್ತು ನಿಮಿಷದ ದೂರದಲ್ಲಿತ್ತು. ದಕ್ಷಿಣದ ಮೋಡದೊಳಗೆ ಅದರ ಸದ್ದು ಬಂದೇ ಬಂತು. ಕಾದಿದ್ದವರೆಲ್ಲ ಎದ್ದು ನಿಂತರು. ಸದ್ದು ಒಂದು ಸಲ ಅಗಲವಾಗಿ ಹರಡಿಕೊಂಡು, ಮತ್ತೆ ದಕ್ಷಿಣಕ್ಕೆ ಸರಿದು ತೆಳುವಾಯಿತು. ಒಂದು ಹೆಂಗಸು ಮೂಟೆಯ ಮೇಲೆ ಕೂತು ಅಳತೊಡಗಿದಳು.

ದೆಥಾನ್ ಸರ್ ನನ್ನನ್ನು ಬೈಯಲಿಲ್ಲ. ಪುಸ್ತಕ ತೆಗೆದುಕೊಂಡು ಕಪಾಟಿನಲ್ಲಿಟ್ಟು ಬೀಗ ಹಾಕಿದರು. ನಾಳೆಯಿಂದ ಬರಬೇಡಿ ಎಂದರು.

ಎಲ್ಲರ ಎದುರಿಗೆ ಕೆವಾ ನನ್ನನ್ನು ಹಿಡಿದುಕೊಟ್ಟಳು. ಅವಳಿಗೆ ಬದುಕುವ ಮನಸ್ಸಿಲ್ಲ, ಇದ್ದಿದ್ದರೆ ಹೀಗೆ ಮಾಡುತ್ತಿರಲಿಲ್ಲ. ಏನೂ ಆಗುತ್ತಿರಲಿಲ್ಲ. ಇಷ್ಟು ತೆಳು ಬೂದಿಯಲ್ಲಿ ವಿಮಾನ ಇಳಿದ ಉದಾಹರಣೆಗಳಿವೆ. ಇಳಿದು, ಹತ್ತಿಸಿಕೊಂಡು, ಹೋಗಿ, ಈಗ ಈ ಹೊತ್ತಿಗೆ ಅವಳು ಯಂತ್ರದ ಪಕ್ಕ ಇರುತ್ತಿದ್ದಳು.

ಜನವರಿ ೨೧, ಮಂಗಳವಾರ

ಅವಳೊಂದಿಗೆ ಮಾತಾಡಲಿಲ್ಲ. ಕೊಪೊಂಗ್‌ನ ದೋಣಿ ಕಟ್ಟೆಯ ಹತ್ತಿರ ಇಡೀ ದಿನ ಕೂತಿದ್ದು ಕತ್ತಲಾಗುವ ಮೊದಲು ಬಂದೆ. ಅಲೆ ಹಾಗೇ ಇದೆ. ಬೆಟ್ಟವೂ ಹಾಗೇ.

ಸಿಸ್ಟರ್ ಬಂದು ಹೋದರಂತೆ.

ಜನವರಿ ೨೨, ಬುಧವಾರ

ಬೆಳಿಗ್ಗೆ ಸೋಮಿ ನನ್ನೆದುರು ಬಂದು ನಿಂತಳು. ಹತ್ತೊಂಬತ್ತರ ಹುಡುಗಿ, ನನ್ನೆದುರು ದನಿಯೆತ್ತಿದವಳಲ್ಲ. “ಮಾವ, ಅತ್ತೆ ರಾತ್ರಿಯೆಲ್ಲ ಬಾಗಿಲ ಕಡೇನೇ ನೋಡ್ತಿದ್ರು. ನಿಮ್ಮ ಸಿಟ್ಟನ್ನ ಆಮೇಲೆ ಇಟ್ಕೊಳ್ಳಿ” ಎಂದಳು.

ಒಳಗೆ ಹೋಗಿ ಹಾಸಿಗೆಯ ಪಕ್ಕ ಕೂತೆ. ಕೆವಾಳ ಮುಖ ಊದಿ ಕಣ್ಣು ಸಣ್ಣದಾಗಿದೆ. ಮಾತು ತಡೆದು ತಡೆದು ಬರುತ್ತದೆ.

“ಎರಡು ದಿನ ಮುನಿಸ್ಕೊಂಡೆಯಲ್ಲ. ನನ್ ಹತ್ರ ಅಷ್ಟೊಂದು ದಿನ ಎಲ್ಲಿದೆ?” ಎಂದಳು. ತಮಾಷೆಗೆ ಎಂಬಂತೆ.

ನಾನು ಏನು ಹೇಳಿದೆನೋ ನೆನಪಿಲ್ಲ. ನೀನು ಬದುಕಬೇಕಾಗಿತ್ತು ಎಂದೋ ಏನೋ. ಅವಳು ನನ್ನ ಕೈಯನ್ನು ತನ್ನ ಹೊಟ್ಟೆಯ ಮೇಲೆ ಇಟ್ಟುಕೊಂಡಳು.

“ನಂಗೂ ಹೋಗ್ಬೇಕು ಅಂತಾನೇ ಇತ್ತು ಬ್ಲಾಸಿ. ಅವತ್ತು ಬೆಳಿಗ್ಗೆ ಗಾಲಿಕುರ್ಚಿ ಹತ್ತೋವಾಗ ಎಷ್ಟು ಖುಷಿಯಾಗಿತ್ತು ಗೊತ್ತಾ? ಬಟ್ಟೆ ಮೇಲಿನ ಬೂದಿ ನೋಡಿಯೂ ನೋಡದ ಹಾಗೆ ಇದ್ದೆ. ಅಲ್ಲಿ ಕೂತ್ಮೇಲೆ ತಡ್ಕೊಳ್ಳೋಕೆ ಆಗ್ಲಿಲ್ಲ.”

ಅವಳೂ ಬದುಕಲು ಬಯಸಿದ್ದಳು. ಸೋಮವಾರ ಈ ಪುಸ್ತಕದಲ್ಲಿ ನಾನು ಬರೆದದ್ದು ಸುಳ್ಳು. ಹೊಡೆದುಹಾಕುವುದಿಲ್ಲ, ಹಾಗೇ ಇರಲಿ.

ನೀರು ಕೇಳಿದಳು. ಕೇಳಿದಷ್ಟೂ ಕೊಟ್ಟೆ.

ಜನವರಿ ೨೩, ಗುರುವಾರ

ಹೆಚ್ಚಾಗಿ ನಿದ್ದೆ. ಪಾದ್ರಿಗಳು ಬಂದು ಕೊನೆಗಾಲದ ಪ್ರಾರ್ಥನೆ ಮಾಡಿ ಎಣ್ಣೆ ಹಚ್ಚಿ ಹೋದರು. ಒಂದು ಸಲ ಎಚ್ಚರವಾಗಿ, ಮಗ್ಗದ ನೂಲು ತೇವ ಹಿಡಿಯದ ಜಾಗದಲ್ಲಿಡಲು ಸೋಮಿಗೆ ಹೇಳಿದಳು. ನನಗೆ ಏನೂ ಹೇಳಲಿಲ್ಲ. ನಾನು ಅಲ್ಲೇ ಇದ್ದೆ, ಕೈ ಹಿಡಿದುಕೊಂಡಿದ್ದೆ, ಅವಳಿಗೆ ಅದು ಗೊತ್ತಿತ್ತು.

ಜನವರಿ ೨೪, ಶುಕ್ರವಾರ

ಬೆಳಿಗ್ಗೆ ಆರೂ ಹತ್ತಕ್ಕೆ.

ಜನವರಿ ೨೬, ಭಾನುವಾರ

ಮಣ್ಣು ಮಾಡಿದೆವು. ಲಿಪತ್‌ಗಾಗಿ ಎರಡು ದಿನ ಕಾದೆವು, ಅದಕ್ಕಿಂತ ಹೆಚ್ಚು ಕಾಯುವ ಹಾಗಿರಲಿಲ್ಲ. ಅವರಮ್ಮನ ಪಕ್ಕದಲ್ಲೇ ಜಾಗ. ಮಳೆಗೆ ಗುಂಡಿಯ ಮಣ್ಣು ಕುಸಿಯುತ್ತಿತ್ತು, ಕೊಪೊಂಗ್ ಒಳಗಿಳಿದು ಮೂರು ಸಲ ಅಗೆದ.

ದೆಥಾನ್ ಸರ್ ಬಂದಿದ್ದರು. ಸೋಮವಾರ ಆ ವಿಮಾನ ಇಳಿದಿದ್ದರೆ ಏನಾಗುತ್ತಿತ್ತು ಎಂದು ಅವರನ್ನು ಕೇಳಿದೆ. ಗೊತ್ತಿಲ್ಲ ಎಂದರು. ಏನೂ ಆಗದೆಯೂ ಇರಬಹುದಾಗಿತ್ತು, ಯಾರಿಗೂ ಗೊತ್ತಾಗುವುದಿಲ್ಲ ಎಂದರು. ಸುಳ್ಳಿಗಾದರೂ ಬೇರೆ ಉತ್ತರ ಕೊಡಬಹುದಿತ್ತು. ಕೊಡಲಿಲ್ಲ. ವಿಚಾರಣೆಗೆ ಮೇಲಿನವರು ಬರುತ್ತಾರಂತೆ. ಗಾಳಿಗೆ ಹಲಗೆ ತಾನಾಗಿಯೇ ಸರಿದಿತ್ತು ಎಂದು ಹೇಳಿಬಿಡಿ, ನಾನು ಒಪ್ಪಿಕೊಳ್ಳುತ್ತೇನೆ ಎಂದು ಅವರು ತಗ್ಗಿದ ದನಿಯಲ್ಲಿ ಹೇಳಿದರು. ಬೇಡ ಸರ್ ಎಂದೆ.

ಜನವರಿ ೨೯, ಬುಧವಾರ

ಗಾಳಿ ತಿರುಗಿತು. ನಿನ್ನೆ ನಿಲ್ದಾಣ ತೆರೆಯಿತಂತೆ. ಲಿಪತ್ ಇವತ್ತಿನ ಮೊದಲ ವಿಮಾನದಲ್ಲಿ ಬಂದಳು. ನಾನು ನಿಲ್ದಾಣಕ್ಕೆ ಹೋಗಲಿಲ್ಲ, ಕೊಪೊಂಗ್ ಹೋಗಿ ಕರೆತಂದ.

ಗೋರಿಗೆ ಹೋಗಿಬಂದ ಮೇಲೆ ಅಂಗಳದಲ್ಲಿ ಕೂತೆವು. ಸೋಮಿ ಜಜ್ಜಿದ ಜೋಳ ಹುರಿದು ತಂದಿಟ್ಟಳು, ಯಾರೂ ಮುಟ್ಟಲಿಲ್ಲ. ಲಿಪತ್ ಆ ಸೋಮವಾರದ ಬಗ್ಗೆ ಹೇಳತೊಡಗಿದಳು. ಕಿಟಕಿ ಪಕ್ಕ ಕೂತಿದ್ದಳಂತೆ. ಅಕ್ಕನಿಗೆ ಹೊದಿಸಲು ಒಂದು ಕಂಬಳಿ ತಂದಿದ್ದಳಂತೆ. ಮೋಡದ ಸಂದಿಯಲ್ಲಿ ನಮ್ಮ ಕೊಲ್ಲಿ ಕಂಡಿತಂತೆ, ದೋಣಿಗಳನ್ನು ಎಣಿಸುವಷ್ಟು ಹತ್ತಿರ. ಅಷ್ಟರಲ್ಲಿ ರೆಕ್ಕೆ ವಾಲಿ ವಿಮಾನ ತಿರುಗಿತು.

“ಇಡೀ ದಾರಿ ಶಾಪ ಹಾಕಿದೆ ಭಾವ. ಅಲ್ಲಿ ಕೂತ್ಕೊಂಡು ವಿಮಾನ ವಾಪಸು ಕಳಿಸಿದವರ ಮನೆ ಹಾಳಾಗಿ ಹೋಗ್ಲಿ ಅಂದೆ. ಅವರಿಗೂ ಹೀಗೇ ಯಾರಾದ್ರೂ ಸಾಯ್ಲಿ ಅಂದೆ. ಯಾರು ಭಾವ ಅದು? ನಿಮಗೆ ಗೊತ್ತಿರುತ್ತಲ್ಲ.”

ಕೊಪೊಂಗ್ ಎದ್ದು ಬೇಲಿಯ ಕಡೆಗೆ ಹೋದ. ಸೋಮಿ ತಲೆ ತಗ್ಗಿಸಿದಳು. ಯಾರೂ ಲಿಪತ್‌ಗೆ ಹೇಳಿರಲಿಲ್ಲ. ನನಗೆ ಬಿಟ್ಟಿದ್ದರು.

ಮೊದಲಿನಿಂದ ಹೇಳಿದೆ. ಹಲಗೆ ಸರಿಸಿದ್ದು, ಆರು ಹಾಳೆ, ಗೊತ್ತಿದ್ದೂ ಅವಳನ್ನು ಆ ವಿಮಾನ ಹತ್ತಿಸಿದ್ದು, ಹದಿನೆಂಟು ನಿಮಿಷ ಕಳೆದರೆ ಸಾಕೆಂದು ಗಡಿಯಾರ ನೋಡುತ್ತ ನಿಂತದ್ದು. ಆಮೇಲೆ ಕೆವಾ ಮಾಡಿದ್ದು. ಒಂದನ್ನೂ ಬಿಡಲಿಲ್ಲ.

ಲಿಪತ್ ನನ್ನ ಮೇಲೆ ಕೂಗಾಡಲಿಲ್ಲ. ಒಂದೇ ಮಾತು ಕೇಳಿದಳು.

“ಅದ್ರಲ್ಲಿ ನಾನಿದೀನಿ ಅಂತ ಅಕ್ಕನಿಗೆ ಗೊತ್ತಿತ್ತಾ?”

“ಗೊತ್ತಿತ್ತು” ಎಂದೆ. “ನಿನ್ನ ಹೆಸರನ್ನೇ ಹೇಳಿದ್ಲು.”